ಲೈಫ್ ಮನೆಗಳ ಲೆಕ್ಕ ನೋಡುವುದು ಹೇಗೆ? ಕಾಸರಗೋಡಿನ ಒಂದು ವಾರ್ಡಿಗೆ ಸಾಲುವ ಮಾರ್ಗದರ್ಶಿ

ಮಂಜೇಶ್ವರದಿಂದ ದೇಲಂಪಾಡಿಯವರೆಗಿನ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಪಂಚಾಯತಿನಲ್ಲಿ ಇಷ್ಟು ಮನೆ ಪೂರ್ತಿಯಾಯಿತು ಅಂತ ಹೇಳುತ್ತಾರೆ. ಅದು ಹೌದೋ ಅಲ್ಲವೋ ಅಂತ ನಾವು ನೋಡುವುದು ಹೇಗೆ?" ಕೇಳುವವರಲ್ಲಿ ಹೊಸ ವಾರ್ಡು ಮೆಂಬರುಗಳಿದ್ದಾರೆ, ಕುಟುಂಬಶ್ರೀಯವರಿದ್ದಾರೆ (ಹೆಂಗಸರ ಸ್ವಸಹಾಯ ಸಂಘದವರು), ಕಾಲೇಜಿನ ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳೂ ಇದ್ದಾರೆ. ಮೂವರಿಗೂ ಉತ್ತರ ಒಂದೇ. ಪೂರ್ತಿಯಾದ ಮನೆಗಳ ಸಂಖ್ಯೆಯಿಂದ ಲೈಫ್ ಯೋಜನೆಯ ಗುಣ ತಿಳಿಯುವುದಿಲ್ಲ. ಮನೆ ಸಿಗಬೇಕಾದವರಲ್ಲಿ ಎಷ್ಟು ಮಂದಿಗೆ ಸಿಕ್ಕಿತು, ಸಿಕ್ಕಿದವರು ಅದರಲ್ಲಿ ವಾಸವಿದ್ದಾರೋ, ಮಳೆಗೆ ಅದು ನಿಲ್ಲುತ್ತದೋ, ಕಟ್ಟಿಸಿದ ಮೇಲೆ ತಲೆಯ ಮೇಲೆ ಎಷ್ಟು ಸಾಲ ಉಳಿಯಿತು, ಈ ನಾಲ್ಕನ್ನು ನೋಡಬೇಕು.

ಮೊದಲು ಹಿನ್ನೆಲೆ ಸ್ವಲ್ಪ. ಲೈಫ್ ಮಿಷನ್ ಕೇರಳ ಸರಕಾರ 2016ರಲ್ಲಿ ಘೋಷಿಸಿದ ವಸತಿ ಯೋಜನೆ. ಅರ್ಧಕ್ಕೆ ನಿಂತ ಹಳೆಯ ಮನೆಗಳನ್ನು ಮುಗಿಸುವುದು, ಜಾಗ ಇದ್ದು ಮನೆ ಇಲ್ಲದವರಿಗೆ ಮನೆ, ಜಾಗವೂ ಇಲ್ಲದವರಿಗೆ ಜಾಗ ಮತ್ತು ಮನೆ ಅಥವಾ ಫ್ಲಾಟು, ಹೀಗೆ ಹಂತಗಳು. ಸಾಮಾನ್ಯ ವಿಭಾಗದವರಿಗೆ ಮನೆಯೊಂದಕ್ಕೆ 4 ಲಕ್ಷ ರೂಪಾಯಿ, ಒಳನಾಡಿನ ಪರಿಶಿಷ್ಟ ಪಂಗಡದ ಹಾಡಿಗಳಲ್ಲಿ 6 ಲಕ್ಷ. ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗ (ಪಿಎಂಎವೈ) ಬಯಲು ಪ್ರದೇಶದಲ್ಲಿ ಕೊಡುವುದು 1.20 ಲಕ್ಷ, ಅದರಲ್ಲಿ 60 ಪಾಲು ಕೇಂದ್ರದ್ದು, 40 ರಾಜ್ಯದ್ದು. ಅಂದರೆ ಕೇಂದ್ರದಿಂದ ಬರುವುದು 72,000. ಕೇರಳದಲ್ಲಿ ಇದರ ಮೇಲೆ ರಾಜ್ಯದ ಮತ್ತು ಸ್ಥಳೀಯ ಸಂಸ್ಥೆಯ ಹಣ ಸೇರಿಸಿ 4 ಲಕ್ಷ ಮಾಡುತ್ತಾರೆ. ಕರಾವಳಿಯಲ್ಲಿ ಇನ್ನೊಂದಿದೆ, ಪುನರ್ಗೇಹಂ: ಸಮುದ್ರದ ಉಬ್ಬರ ರೇಖೆಯಿಂದ 50 ಮೀಟರಿನೊಳಗೆ ಇರುವ ಮೀನುಗಾರ ಕುಟುಂಬಗಳಿಗೆ ಜಾಗಕ್ಕೆ 6 ಲಕ್ಷ, ಮನೆಗೆ 4 ಲಕ್ಷ.

ಗಡಿಯಾಚೆ ದಕ್ಷಿಣ ಕನ್ನಡದ ನೆಂಟರ ಮನೆಯ ಅನುದಾನದೊಡನೆ ಇದನ್ನು ಹೋಲಿಸುವ ಅಭ್ಯಾಸ ನಮ್ಮಲ್ಲಿ ಬಹಳ. ಬಿಡಿ. ಅಲ್ಲಿನ ಯೋಜನೆಗಳ ಅಳತೆ, ಹಣದ ಮೂಲ, ಆಯ್ಕೆಯ ಕ್ರಮ ಎಲ್ಲವೂ ಬೇರೆ. ಹೋಲಿಸಿ ಸಿಗುವುದು ಜಗಳ ಮಾತ್ರ.

ಬೇಕಾಗುವ ಸಾಮಾನು

ಮೂರು ಜನ. ಅವರಲ್ಲಿ ಒಬ್ಬರಾದರೂ ಮಲಯಾಳ ಓದಲು ಬಲ್ಲವರು, ಒಬ್ಬರಾದರೂ ಹೆಂಗಸು. 30 ಮೀಟರಿನ ಟೇಪು ಒಂದು, ಟಾರ್ಚು, ಒಂದು ರೂಪಾಯಿಯ ನಾಣ್ಯ, ಸಣ್ಣ ಸುತ್ತಿಗೆ, ಗೆರೆ ಹಾಕಿದ ಉದ್ದ ಪುಸ್ತಕ. ಒಟ್ಟಿಗೆ ಹೋದರೆ ದಿನಕ್ಕೆ ಆರು ಮನೆ ನೋಡಬಹುದು. ಅದಕ್ಕಿಂತ ಹೆಚ್ಚು ಎಂದರೆ ನೋಡಿದ್ದಲ್ಲ, ಹೊಸ್ತಿಲು ಮುಟ್ಟಿ ಬಂದದ್ದು.

1. ಪ್ರಶ್ನೆಯನ್ನು ಚಿಕ್ಕದು ಮಾಡಿ

"ಯೋಜನೆ ಯಶಸ್ವಿಯೇ?" ಎಂದು ಹೊರಟರೆ ಕೆಲಸ ಮುಗಿಯುವುದಿಲ್ಲ. ಒಂದು ವಾರ್ಡು, ಒಂದು ಪಟ್ಟಿ, ಒಂದು ಅವಧಿ ಆರಿಸಿಕೊಳ್ಳಿ. ಉದಾಹರಣೆಗೆ: ಲೈಫ್ 2020ರ ಪಟ್ಟಿಯಲ್ಲಿ ನಮ್ಮ ವಾರ್ಡಿನಿಂದ ಇದ್ದ ಕುಟುಂಬಗಳ ಸ್ಥಿತಿ ಇವತ್ತು ಏನು?

ಇಲ್ಲೇ ಒಂದು ಎಡವು. 2025ರ ಸ್ಥಳೀಯ ಚುನಾವಣೆಗೆ ಮುನ್ನ ವಾರ್ಡುಗಳ ಪುನರ್ವಿಂಗಡಣೆ ಆಗಿದೆ. ಹಳೆಯ ಪಟ್ಟಿಯ 7ನೇ ವಾರ್ಡು ಈಗಿನ 7ನೇ ವಾರ್ಡು ಆಗಿರಲೇಬೇಕೆಂದಿಲ್ಲ. ಹಳೆಯ ಮತ್ತು ಹೊಸ ವಾರ್ಡಿನ ಗಡಿಗಳನ್ನು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹಾಗೆ ಮಾಡದೆ ಹೊರಟವರಿಗೆ ಹತ್ತು ಹನ್ನೆರಡು ಮನೆಗಳು "ಮಾಯವಾದಂತೆ" ಕಾಣುತ್ತವೆ, ಅಷ್ಟರಲ್ಲಿ ಊರೆಲ್ಲ ಗುಲ್ಲಾಗಿರುತ್ತದೆ.

2. ಕಾಗದ ತರಿಸಿಕೊಳ್ಳಿ

ಪಂಚಾಯತಿನಲ್ಲಿ ಈ ಯೋಜನೆಯ ಕಡತ ಇರುವುದು ವಿ.ಇ.ಒ. ಅವರ ಬಳಿ, ಅಂದರೆ ಗ್ರಾಮ ವಿಸ್ತರಣಾಧಿಕಾರಿಯ ಬಳಿ. ಕೇಳಬೇಕಾದದ್ದು ಇಷ್ಟು:

- ಗ್ರಾಮಸಭೆ ಅಂಗೀಕರಿಸಿದ ಫಲಾನುಭವಿ ಪಟ್ಟಿ, ಕ್ರಮಾಂಕದ ಸಹಿತ
- ಕರಾರು ಮಾಡಿಕೊಂಡವರ ಪಟ್ಟಿ ಮತ್ತು ದಿನಾಂಕ
- ಪ್ರತಿ ಕಂತಿನ ಮೊತ್ತ, ಕೆಲಸದ ಹಂತ ಪರಿಶೀಲಿಸಿದ ದಿನ, ಹಣ ಬಿಡುಗಡೆಯಾದ ದಿನ
- ಪಟ್ಟಿಯಿಂದ ಕೈಬಿಟ್ಟವರು ಮತ್ತು ಕಾರಣ
- ಸ್ಥಳೀಯ ನಿಧಿ ಲೆಕ್ಕಪರಿಶೋಧನೆಯ ವರದಿಯಲ್ಲಿ ವಸತಿಗೆ ಸಂಬಂಧಿಸಿದ ಪುಟಗಳು

ಬಾಯಿಮಾತಿನಲ್ಲಿ ಕೇಳಿ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿದರೆ ಸಾಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಬರಬೇಕು, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅರ್ಜಿಯಲ್ಲಿ ಕಾಯ್ದೆಯ 4(1)(ಬಿ)(12)ನೇ ಉಪವಿಧಿಯನ್ನು ಹೆಸರಿಸಿ: ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಕಚೇರಿ ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುವುದು ಅದೇ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರು ಕೇಳಲೇಬೇಡಿ. ಅವು ನಿಮಗೆ ಬೇಕಾಗಿಲ್ಲ, ಮತ್ತು ಖಾಸಗಿ ಮಾಹಿತಿ ಎಂಬ ಕಾರಣಕ್ಕೆ ಇಡೀ ಅರ್ಜಿ ತಿರಸ್ಕೃತವಾಗಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಭಾಷೆಯ ಮಾತು. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೂ ಸೆಕ್ರೆಟೇರಿಯೇಟಿನೊಂದಿಗೂ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು. ಉತ್ತರವೂ ಕನ್ನಡದಲ್ಲೇ ಬರಬೇಕು. ಕನ್ನಡದಲ್ಲೇ ಬರೆಯಿರಿ. ಆದರೆ ಕೆಳಗೆ ನಾಲ್ಕು ಸಾಲಿನ ಮಲಯಾಳ ಸಾರಾಂಶ ಸೇರಿಸಿ. ಹಕ್ಕು ಬಿಟ್ಟುಕೊಡುವ ಮಾತಲ್ಲ ಇದು; ಕನ್ನಡ ಬಾರದ ಕ್ಲರ್ಕಿನ ಮೇಜಿನಲ್ಲಿ ಅರ್ಜಿ ಹದಿನೈದು ದಿನ ಮಲಗುವುದನ್ನು ತಪ್ಪಿಸುವ ಉಪಾಯ.

3. ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಿ

ಹೆಚ್ಚಿನವರು ಸೋಲುವುದು ಇಲ್ಲಿ, ಮನೆ ನೋಡುವ ಹಂತದಲ್ಲಲ್ಲ.

ನಮ್ಮ ಹೆಸರುಗಳು ಕನ್ನಡದಿಂದ ಮಲಯಾಳಕ್ಕೆ, ಅಲ್ಲಿಂದ ಕಂಪ್ಯೂಟರಿನ ಇಂಗ್ಲಿಷಿಗೆ ಹೋಗುವಾಗ ಮೂರು ರೂಪ ತಾಳುತ್ತವೆ. ಐತಪ್ಪ ಐತ್ತಪ್ಪನಾಗಿ, ಶೀನ ಚೀನನಾಗಿ, ಕೆಲವೊಮ್ಮೆ ಮನೆಹೆಸರೇ ವ್ಯಕ್ತಿಯ ಹೆಸರಾಗಿ ಕುಳಿತಿರುತ್ತದೆ. ಗಂಡನ ಹೆಸರಿನಲ್ಲಿ ಅರ್ಜಿ, ಹೆಂಡತಿಯ ಹೆಸರಿನಲ್ಲಿ ಕರಾರು ಎಂಬುದೂ ಸಾಮಾನ್ಯ. ಆದ್ದರಿಂದ ಹೆಸರಿನಿಂದ ಹೊಂದಿಸಬೇಡಿ. ಪಟ್ಟಿಯ ಅರ್ಜಿ ಸಂಖ್ಯೆಯಿಂದ ಹೊಂದಿಸಿ. ಉಳಿದವರನ್ನು ಮನೆಹೆಸರು ಮತ್ತು ಜಾಗದ ಹೆಸರು ಸೇರಿಸಿ ನೋಡಿ. ಆಮೇಲೂ ಉಳಿದವರನ್ನು ಅಂಗನವಾಡಿ ಟೀಚರಿಗೆ ತೋರಿಸಿದರೆ ಅರ್ಧ ಗಂಟೆಯಲ್ಲಿ ಬಗೆಹರಿಯುತ್ತದೆ.

ಜಾಗದ ಹೆಸರಿನಲ್ಲೂ ಒಂದು ಕೊಕ್ಕೆಯಿದೆ. 2024ರ ಜೂನಿನಲ್ಲಿ ರಾಜ್ಯ ಸರಕಾರ ಪರಿಶಿಷ್ಟರ ವಸತಿಗಳಿಗೆ "ಕಾಲನಿ" ಎಂಬ ಹೆಸರು ಬೇಡ, "ನಗರ", "ಉನ್ನತಿ", "ಪ್ರಕೃತಿ" ಮುಂತಾದವು ಸಾಕು ಎಂದು ಆದೇಶಿಸಿತು. ಆದೇಶ ಬೇಕಾದದ್ದೇ. ಆದರೆ ಹಳೆಯ ಕಡತದಲ್ಲಿ ಒಂದು ಹೆಸರು, ಹೊಸದರಲ್ಲಿ ಇನ್ನೊಂದು; ಎರಡರಿಂದಲೂ ಹುಡುಕಿ.

ಮೂರನೆಯದು ದೊಡ್ಡ ತಪ್ಪು. ಪಿಎಂಎವೈ ಪಟ್ಟಿಯಲ್ಲಿರುವ ಮನೆ ಕೇರಳದಲ್ಲಿ ಲೈಫ್ ಲೆಕ್ಕಕ್ಕೂ ಸೇರುತ್ತದೆ. ಎರಡು ಪಟ್ಟಿಗಳನ್ನು ಕೂಡಿಸಿದರೆ ಒಂದೇ ಮನೆ ಎರಡಾಗುತ್ತದೆ. ಮನೆಯ ಮುಂದೆ ಯಾರ ಫಲಕ ಇರಬೇಕು ಎಂದು ಕೇಂದ್ರಕ್ಕೂ ರಾಜ್ಯಕ್ಕೂ ನಡೆದ ಜಗ್ಗಾಟ ನಿಮಗೆ ಗೊತ್ತೇ ಇರಬಹುದು. ನಿಮ್ಮ ಪುಸ್ತಕದಲ್ಲಿ ಆ ಮನೆಗೆ ಒಂದೇ ಸಾಲು.

ಈಗ ಪ್ರತಿ ಕುಟುಂಬಕ್ಕೂ ಒಂದು ಸಾಲು ಹಾಕಿ, ಈ ಏಣಿ ಮಾಡಿ: ಪಟ್ಟಿಯಲ್ಲಿದ್ದವರು, ಅರ್ಹರೆಂದು ಖಚಿತವಾದವರು, ಕರಾರು ಮಾಡಿಕೊಂಡವರು, ಪಂಚಾಂಗ (ಅಡಿಪಾಯ) ಮುಗಿಸಿದವರು, ಮಾಡು ಹಾಕಿದವರು, ಕಡತದಲ್ಲಿ "ಪೂರ್ತಿ" ಆದವರು, ನಿಜವಾಗಿ ವಾಸವಿರುವವರು. ಊಹೆಗೆ ಒಂದು ಲೆಕ್ಕ ಹೇಳುವುದಾದರೆ, ಪಟ್ಟಿಯಲ್ಲಿ 50 ಕುಟುಂಬ, ಕರಾರು 32, ಪೂರ್ತಿ 28, ವಾಸ 25. "32ರಲ್ಲಿ 28, ಅಂದರೆ ಶೇಕಡಾ 87ಕ್ಕೂ ಹೆಚ್ಚು" ಎಂದು ಕಚೇರಿ ಹೇಳುತ್ತದೆ, ಅದು ಸುಳ್ಳಲ್ಲ. ಪಟ್ಟಿಯಿಂದ ಎಣಿಸಿದರೆ 50ರಲ್ಲಿ 25, ಸರಿ ಅರ್ಧ. ಮೇಲೆ ಯಾವ ಸಂಖ್ಯೆ, ಕೆಳಗೆ ಯಾವ ಸಂಖ್ಯೆ ಇಡುತ್ತೇವೆ ಎಂಬುದರಲ್ಲಿ ಇಡೀ ಕಥೆ ಇದೆ. ಎರಡನ್ನೂ ಬರೆಯಿರಿ.

4. ಪಟ್ಟಿಗೇ ಬಾರದವರನ್ನು ಹುಡುಕಿ

ಪಟ್ಟಿ ಹಿಡಿದು ಹೊರಟವನಿಗೆ ಪಟ್ಟಿಯಲ್ಲಿ ಇಲ್ಲದವರು ಕಾಣುವುದಿಲ್ಲ. ವಾರ್ಡಿನಲ್ಲಿ ಟಾರ್ಪಾಲು ಮಾಡಿನ, ಸೋಗೆ ಮಾಡಿನ ಮನೆಗಳನ್ನು ಸುತ್ತಾಡಿ ಎಣಿಸಿ, ಆಮೇಲೆ ಪಟ್ಟಿ ನೋಡಿ. ಹೊರಗುಳಿದವರ ಕಾರಣ ಸಾಮಾನ್ಯವಾಗಿ ಇವುಗಳಲ್ಲಿ ಒಂದು: ಜಾಗಕ್ಕೆ ಪಟ್ಟೆ (ಹಕ್ಕುಪತ್ರ) ಇಲ್ಲ, ಮದುವೆಯಾದ ಮಗ ಬೇರೆ ಒಲೆ ಹೂಡಿದ್ದರೂ ಪಡಿತರ ಚೀಟಿ ಒಂದೇ, ಕೊರಗರಂತಹ ಸಮುದಾಯದ ಕುಟುಂಬಕ್ಕೆ ಅರ್ಜಿಯ ಸುದ್ದಿಯೇ ಮುಟ್ಟಿಲ್ಲ.

ನಾಲ್ಕನೆಯ ಕಾರಣ ನಮ್ಮ ಬಯಲುಗಳಲ್ಲಿ ಜಾಸ್ತಿ. ಜಾಗ ಕಂದಾಯ ದಾಖಲೆಯಲ್ಲಿ ಗದ್ದೆ. ಕೇರಳದ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆಯ "ಡಾಟಾ ಬ್ಯಾಂಕ್" (ಗದ್ದೆ ಮತ್ತು ಜೌಗು ನೆಲಗಳ ಅಧಿಕೃತ ಪಟ್ಟಿ) ಒಳಗೆ ಅದು ಸೇರಿದ್ದರೆ ಕಟ್ಟಡದ ಪರವಾನಿಗೆ ಸಿಗದು, ಪರವಾನಿಗೆ ಇಲ್ಲದೆ ಕಂತು ಬಾರದು. ಬೇರೆ ಜಾಗವಿಲ್ಲದ ಕುಟುಂಬಕ್ಕೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸ್‌ವರೆಗೆ ಮನೆಗಾಗಿ ಅನುಮತಿ ಕೇಳುವ ದಾರಿ ಅದೇ ಕಾಯ್ದೆಯಲ್ಲಿದೆ; ತಪ್ಪಾಗಿ ಡಾಟಾ ಬ್ಯಾಂಕಿಗೆ ಸೇರಿದ ಜಾಗವನ್ನು ತೆಗೆಸಲು ಫಾರ್ಮ್ 5 ಇದೆ. ಕೈಬಿಟ್ಟವರ ಪಟ್ಟಿಯಲ್ಲಿ "ಜಾಗದ ತೊಂದರೆ" ಎಂದಷ್ಟೇ ಬರೆದಿದ್ದರೆ ಯಾವ ತೊಂದರೆ ಎಂದು ಬಿಡಿಸಿ ಕೇಳಿ. ಪಟ್ಟೆಯಿಲ್ಲದವರಿಗೆ ಬೇಕಾದ ಪರಿಹಾರ ಬೇರೆ, ಗದ್ದೆಯವರಿಗೆ ಬೇಕಾದದ್ದು ಬೇರೆ.

5. ಯಾವ ಮನೆಗೆ ಹೋಗುವುದು

30ಕ್ಕಿಂತ ಕಡಿಮೆ ಇದ್ದರೆ ಎಲ್ಲ ಮನೆಗೂ ಹೋಗಿ. ಹೆಚ್ಚಿದ್ದರೆ ಸ್ಯಾಂಪಲ್ ತೆಗೆಯಿರಿ, ಅಂದರೆ ಇಡೀ ಪಟ್ಟಿಗೆ ಪ್ರತಿನಿಧಿಯಾಗುವ ಕೆಲವು ಮನೆ. ಚೀಟಿ ಎತ್ತಿ ಮೊದಲ ಸಂಖ್ಯೆ ನಿಶ್ಚಯಿಸಿ, ಅಲ್ಲಿಂದ ಪ್ರತಿ ಮೂರನೆಯದು. ಮೆಂಬರು "ಬನ್ನಿ ನಾನೇ ತೋರಿಸುತ್ತೇನೆ" ಎಂದರೆ ಚಾ ಕುಡಿದು ನಯವಾಗಿ ತಪ್ಪಿಸಿಕೊಳ್ಳಿ. ಮಾರ್ಗದ ಬದಿಯ ಮನೆಗಳನ್ನೇ ನೋಡಿದ ವರದಿ ಚೆನ್ನಾಗಿಯೇ ಇರುತ್ತದೆ. ಸಾಮಾನು ಹೊತ್ತು ಸಾಗಿಸಬೇಕಾದ ಗುಡ್ಡದ ಮನೆಗಳಲ್ಲೇ ಖರ್ಚು ಏರುವುದು, ಕೆಲಸ ನಿಲ್ಲುವುದು.

ಇನ್ನೊಂದು ಉಪಾಯ ತಜ್ಞರೂ ಬಳಸುವಂಥದ್ದು. ಕ್ರಮಾಂಕದಲ್ಲಿ ಕೊನೆಗೆ ಮನೆ ಸಿಕ್ಕ ಹತ್ತು ಕುಟುಂಬ ಮತ್ತು ಅವರ ಕೆಳಗೆ ಇನ್ನೂ ಕಾಯುತ್ತಿರುವ ಹತ್ತು ಕುಟುಂಬ, ಇವೆರಡನ್ನೂ ನೋಡಿ. ಪಟ್ಟಿ ಮಾಡುವಾಗ ಈ ಇಪ್ಪತ್ತರ ಸ್ಥಿತಿ ಹೆಚ್ಚುಕಡಿಮೆ ಒಂದೇ ಇತ್ತು. ಈಗಿರುವ ಅಂತರವನ್ನು ಬಹುಪಾಲು ಮನೆ ತಂದದ್ದು ಎನ್ನಬಹುದು. ಮನೆ ಸಿಕ್ಕವರನ್ನು ಮಾತ್ರ "ಮೊದಲು ಹೇಗಿದ್ದಿರಿ, ಈಗ ಹೇಗಿದ್ದೀರಿ" ಎಂದು ಕೇಳಿದರೆ, ಗಲ್ಫಿಗೆ ಹೋದ ಮಗ ಕಳಿಸಿದ ಹಣದ ಫಲವೂ ಯೋಜನೆಯ ಖಾತೆಗೆ ಜಮೆಯಾಗುತ್ತದೆ.

6. ಮನೆಯೊಳಗೆ

ಹೋಗಬೇಕಾದ ಕಾಲ ಜುಲೈ ಅಥವಾ ಆಗಸ್ಟ್. ಮಾರ್ಚಿನಲ್ಲಿ ಯಾವ ಮನೆಯೂ ಸೋರುವುದಿಲ್ಲ.

ಅಳತೆ: ಗೋಡೆಯ ಹೊರಮೈಯಿಂದ ಅಳೆದರೆ ಒಂದು ಸಂಖ್ಯೆ, ಒಳಮೈಯಿಂದ ಇನ್ನೊಂದು. ಹೊರಗೆ 6 ಮೀಟರ್ ಅಗಲ, 6.2 ಮೀಟರ್ ಉದ್ದದ ಮನೆ 37.2 ಚದರ ಮೀಟರ್, ಅಂದರೆ ಸುಮಾರು 400 ಚದರಡಿ. ಗೋಡೆ 20 ಸೆಂಟಿಮೀಟರ್ ದಪ್ಪವಿದ್ದರೆ ಒಳಗೆ ಸಿಗುವುದು 32.5 ಚದರ ಮೀಟರ್, ನಡುಗೋಡೆಗಳನ್ನು ಕಳೆದರೆ ಇನ್ನೂ ಕಡಿಮೆ. "ಐವತ್ತು ಚದರಡಿ ನುಂಗಿದ್ದಾರೆ" ಎಂದು ಆರೋಪಿಸುವ ಮೊದಲು ಕರಾರಿನಲ್ಲಿ ಹೇಳಿದ್ದು ಯಾವ ಅಳತೆ ಎಂದು ನೋಡಿ. ಪಿಎಂಎವೈ ಮನೆಗೆ ಅಡುಗೆಯ ಜಾಗ ಸೇರಿ ಕನಿಷ್ಠ 25 ಚದರ ಮೀಟರ್.

ಗೋಡೆ: ನಮ್ಮಲ್ಲಿ ಹೆಚ್ಚಿನದು ಮುರಕಲ್ಲು. ಹೊರಮೈಗೆ ಗಾರೆ ಇಲ್ಲದೆ ಬಿಟ್ಟ ಪಡುವಣ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಒಳಗೆ ಬಿಳಿ ಉಪ್ಪು ಏಳುತ್ತದೆ. ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ಹೆದರಬೇಕಾಗಿಲ್ಲ. ಒಂದು ರೂಪಾಯಿ ನಾಣ್ಯದ ಅಂಚು ಒಳಹೊಕ್ಕರೆ, ಅದರಲ್ಲೂ ಕಲ್ಲಿನ ಸಂದಿ ಹಿಡಿದು ಮೆಟ್ಟಿಲಿನಂತೆ ಇಳಿದಿದ್ದರೆ, ಪಂಚಾಂಗ ಒಂದು ಕಡೆ ಕುಸಿಯುತ್ತಿದೆ ಎಂದು ಶಂಕಿಸಿ ಇಂಜಿನಿಯರರನ್ನು ಕರೆಯಬೇಕು. ಗುಡ್ಡ ತರಿದು ತಟ್ಟು ಮಾಡಿದ ಜಾಗದಲ್ಲಿ ಮಣ್ಣು ತುಂಬಿಸಿದ ಬದಿಯೇ ಕುಸಿಯುವುದು.

ಮಾಡು: ಕಾಂಕ್ರೀಟಿನ ಅಡಿಭಾಗವನ್ನು ಸುತ್ತಿಗೆಯಿಂದ ಮೆಲ್ಲ ತಟ್ಟಿ. ಟೊಳ್ಳು ಶಬ್ದ ಬಂದರೆ, ತುಕ್ಕಿನ ಗೆರೆ ಮೂಡಿದ್ದರೆ ಒಳಗಿನ ಕಬ್ಬಿಣ ತಿನ್ನಲು ಶುರುವಾಗಿದೆ. ಕಡಲ ಬದಿಯಲ್ಲಿ ಉಪ್ಪು ಗಾಳಿ, ತೊಳೆಯದ ಹೊಯಿಗೆ ಎರಡೂ ಸೇರಿ ಇದನ್ನು ಬೇಗ ತರುತ್ತವೆ.

ಕಕ್ಕಸು ಮತ್ತು ಬಾವಿ: ಕಕ್ಕಸಿನ ಗುಂಡಿಯಿಂದ ಬಾವಿಗೆ 7.5 ಮೀಟರ್ ದೂರ ಬೇಕೆಂದು ಕೇರಳದ ಕಟ್ಟಡ ನಿಯಮ. ಐದು ಸೆಂಟ್ಸ್ ಜಾಗದಲ್ಲಿ ಇದು ಎಷ್ಟೋ ಸಲ ನಡೆಯುವುದಿಲ್ಲ. ಪಕ್ಕದ ಮನೆಯ ಬಾವಿಗೂ ಟೇಪು ಹಿಡಿಯಿರಿ. ಗುಡ್ಡದ ಬುಡದಲ್ಲಿ ಸುರಂಗದ ನೀರು ಕುಡಿಯುವ ಮನೆಯಾದರೆ ಗುಂಡಿ ಸುರಂಗಕ್ಕಿಂತ ಮೇಲಿದೆಯೋ ಕೆಳಗೋ ಎಂದು ಬರೆದುಕೊಳ್ಳಿ.

ಮಾತು: ಆ ಮನೆಯ ಭಾಷೆಯಲ್ಲೇ ಕೇಳಿ, ತುಳುವೋ ಬ್ಯಾರಿಯೋ ಮಲಯಾಳವೋ. "ಮನೆ ಚೆನ್ನಾಗಿದೆಯಾ ಅಕ್ಕಾ?" ಎಂದರೆ "ಹೌದು" ಎಂದೇ ಉತ್ತರ, ದೂರು ಹೇಳಿದರೆ ಕೊನೆಯ ಕಂತು ನಿಂತೀತೆಂಬ ಭಯ. "ಕಳೆದ ಆಟಿಯಲ್ಲಿ ಸೋರುವಲ್ಲಿಗೆ ಎಷ್ಟು ಪಾತ್ರೆ ಇಡಬೇಕಾಯಿತು?" ಎಂದು ಕೇಳಿ.

7. ಹಣ

4 ಲಕ್ಷವನ್ನು 400 ಚದರಡಿಗೆ ಹಂಚಿದರೆ ಚದರಡಿಗೆ 1,000 ರೂಪಾಯಿ. ನಿಮ್ಮ ಊರಿನ ಮೇಸ್ತ್ರಿ ಇವತ್ತು ಹೇಳುವ ದರವನ್ನು ಪಕ್ಕದಲ್ಲಿ ಬರೆಯಿರಿ. ಅಂತರವನ್ನು ತುಂಬಿದವರು ಯಾರು ಎಂಬುದೇ ಮುಖ್ಯ ಪ್ರಶ್ನೆ: ಅಡವಿಟ್ಟ ಚಿನ್ನ, ಸೊಸೈಟಿ ಸಾಲ, ಕುಟುಂಬಶ್ರೀ ಸಾಲ, ತವರಿನವರು. ಒಟ್ಟು ಸಾಲ ಕೇಳಿದರೆ ಹೇಳಲು ಹಿಂಜರಿಯುತ್ತಾರೆ; ತಿಂಗಳಿಗೆ ಎಷ್ಟು ಕಟ್ಟುತ್ತೀರಿ ಎಂದರೆ ಹೇಳುತ್ತಾರೆ. ಉದ್ಯೋಗ ಖಾತ್ರಿಯಿಂದ ಸ್ವಂತ ಮನೆ ಕೆಲಸಕ್ಕೆ ಸಿಗಬೇಕಾದ 90 ದಿನದ ಕೂಲಿ ಬಂದಿದೆಯೇ ಎಂದೂ ಕೇಳಿ. ಹಲವರಿಗೆ ಅದು ಇದೆ ಎಂದೇ ತಿಳಿದಿರುವುದಿಲ್ಲ.

ಕಂತಿನ ವಿಳಂಬ ಲೆಕ್ಕ ಹಾಕುವಾಗ ಹಂತ ಪರಿಶೀಲಿಸಿದ ದಿನದಿಂದ ಹಣ ಖಾತೆಗೆ ಬಿದ್ದ ದಿನದವರೆಗೆ ಎಣಿಸಿ. ಇಲ್ಲಿ ಸರಾಸರಿ ಮೋಸ ಮಾಡುತ್ತದೆ. ಐದು ಮನೆಗಳಿಗೆ 12, 18, 20, 25, 210 ದಿನ ತಡವಾಯಿತು ಎಂದುಕೊಳ್ಳಿ. ಸರಾಸರಿ 57. ಆದರೆ ನಾಲ್ಕು ಮನೆಗೆ ತಿಂಗಳೊಳಗೇ ಬಂದಿದೆ. ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, 20. ಅದನ್ನು ಬರೆದು, ಆ 210 ದಿನದ ಮನೆಯ ವಿಷಯವನ್ನು ಪ್ರತ್ಯೇಕ ಹೇಳಿ.

ಪಂಚಾಯತಿನ ಮಗ್ಗುಲನ್ನೂ ನೋಡಬೇಕು. ಲೈಫಿನ ಹಣದ ಒಂದು ಭಾಗ ಹಡ್ಕೋದಿಂದ (ಕೇಂದ್ರ ಸರಕಾರದ ವಸತಿ ಸಾಲ ಸಂಸ್ಥೆ) ತಂದ ಸಾಲ. ಅಸಲು ತೀರುವುದು ಸ್ಥಳೀಯ ಸಂಸ್ಥೆಗಳ ಯೋಜನಾ ನಿಧಿಯಿಂದ. ಈ ವರ್ಷ ಅದಕ್ಕೆ ಎಷ್ಟು ಕಡಿತವಾಗಿದೆ ಎಂದು ಬಜೆಟ್ ಪುಸ್ತಕದಲ್ಲಿ ನೋಡಿ. ಹೊಸ ಕರಾರು ಯಾಕೆ ನಿಧಾನ ಎಂಬುದಕ್ಕೆ ಅರ್ಧ ಉತ್ತರ ಆ ಪುಟದಲ್ಲಿ ಸಿಗಬಹುದು.

8. ಹಳೆಯ ಮನೆಗಳು

ಹೊಸ ಮನೆಯ ಉದ್ಘಾಟನೆಗೆ ಪಂದಲು ಹಾಕುತ್ತಾರೆ, ದುರಸ್ತಿಗೆ ಹಾಕುವುದಿಲ್ಲ. ಹಾಗಾಗಿ ಈ ಭಾಗವನ್ನು ಯಾರೂ ನೋಡುವುದಿಲ್ಲ. 1972ರ ಲಕ್ಷ ಮನೆ ಯೋಜನೆಯಲ್ಲಿ ಒಂದೇ ನಡುಗೋಡೆಗೆ ಅಂಟಿಕೊಂಡು ಎರಡು ಕುಟುಂಬಕ್ಕೆ ಕಟ್ಟಿದ ಜೋಡಿ ಮನೆಗಳಿವೆ. ಒಬ್ಬರು ತಮ್ಮ ಅರ್ಧ ಕೆಡವಿ ಕಟ್ಟಿದರೆ ಇನ್ನೊಬ್ಬರ ಗೋಡೆ ಮಳೆಗೆ ಬೆತ್ತಲೆ. ಅಂಥಲ್ಲಿ ಎರಡೂ ಕುಟುಂಬಕ್ಕೆ ಒಟ್ಟಿಗೆ ಮಂಜೂರಾಗಿದೆಯೇ, ಪಟ್ಟೆ ಈಗ ಯಾರ ಹೆಸರಿನಲ್ಲಿದೆ ಎಂದು ಕೇಳಿ. ಅಜ್ಜನ ಹೆಸರಿನಲ್ಲೇ ಉಳಿದ ಪಟ್ಟೆ ದುರಸ್ತಿಯ ಹಣವನ್ನೂ ತಡೆಯುತ್ತದೆ. ಪರಿಶಿಷ್ಟ ಜಾತಿ ಇಲಾಖೆಗೆ ಮನೆ ದುರಸ್ತಿಗೆಂದೇ ಸೇಫ್ ಎಂಬ ಯೋಜನೆ ಇದೆ. ಅರ್ಹರು ಅರ್ಜಿ ಹಾಕಿದ್ದಾರೆಯೇ ಎಂಬುದನ್ನು ನಿಮ್ಮ ಪುಸ್ತಕದಲ್ಲಿ ಒಂದು ಕಾಲಮು ಮಾಡಿ.

ಫ್ಲಾಟು ಇದ್ದರೆ ಪಂಪಿನ ಕರೆಂಟು ಬಿಲ್ಲು, ಮಲಗುಂಡಿ ಖಾಲಿ ಮಾಡುವ ಖರ್ಚು, ಮೇಲ್ಮಾಡಿನ ಸೋರಿಕೆ, ಈ ಮೂರು ಯಾರ ಹೊಣೆ ಎಂದು ಬರಹದಲ್ಲಿ ಇದೆಯೋ ನೋಡಿ. ಬಾಯಿಮಾತಿನ ಒಪ್ಪಂದ ಎರಡು ಮಳೆಗಾಲ ದಾಟುವುದಿಲ್ಲ.

9. ಗ್ರಾಮಸಭೆಗೆ ಒಯ್ಯಿರಿ

ವರದಿ ನಾಲ್ಕು ಪುಟ ಮೀರದಿರಲಿ, ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ಮೊದಲ ಪುಟದಲ್ಲಿ ಏಣಿಯ ಸಂಖ್ಯೆಗಳು, ಎರಡನೆಯದರಲ್ಲಿ ನಿಂತ ಮನೆಗಳು ಮತ್ತು ಕಾರಣ. ಫಲಾನುಭವಿಗಳ ಹೆಸರು, ಸಾಲದ ಮೊತ್ತ, ಮನೆಯೊಳಗಿನ ಫೋಟೊ ಹಾಕಬೇಡಿ. ಸಂಖ್ಯೆ ಕೊಟ್ಟು ಗುರುತಿಸಿ. ಸಭೆಗೆ ಮುನ್ನವೇ ಒಂದು ಪ್ರತಿ ವಿ.ಇ.ಒ. ಅವರಿಗೆ ಕೊಟ್ಟು ತಪ್ಪಿದ್ದರೆ ತಿದ್ದಲು ಒಂದು ವಾರ ಬಿಡಿ. ಎಷ್ಟೋ ವ್ಯತ್ಯಾಸಗಳು ಅಲ್ಲೇ ಇತ್ಯರ್ಥವಾಗುತ್ತವೆ, ಕೆಲವು ನಿಮ್ಮದೇ ತಪ್ಪೆಂದೂ ತಿಳಿಯುತ್ತದೆ.

ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ವಾರ್ಡಿನ ಮತದಾರರಲ್ಲಿ ಶೇಕಡಾ 10 ಮಂದಿ ಇದ್ದರೆ ಕೋರಂ. ಕೋರಂ ಇಲ್ಲದ ಸಭೆಯಲ್ಲಿ ವರದಿ ಓದಿ ಫಲವಿಲ್ಲ, ನೆರೆಕರೆಯವರನ್ನು ಕರೆತನ್ನಿ. ಓದಿದ ಮೇಲೆ "ಚರ್ಚಿಸಲಾಯಿತು" ಎಂದಷ್ಟೇ ನಡಾವಳಿಯಲ್ಲಿ ಬರೆದರೆ ಒಪ್ಪಬೇಡಿ. ಯಾವ ಮನೆಯ ಯಾವ ಕೆಲಸ, ಯಾರು, ಯಾವ ದಿನದೊಳಗೆ ಎಂದು ಬರೆಸಿ. ಹದಿನೈದು ದಿನ ಬಿಟ್ಟು ಸೆಕ್ರೆಟರಿಯವರಿಂದ ನಡಾವಳಿಯ ಪ್ರತಿ ಪಡೆದು, ಸಭೆಯಲ್ಲಿ ನೀವು ಬರೆದುಕೊಂಡದ್ದರ ಪಕ್ಕದಲ್ಲಿಟ್ಟು ಓದಿ. ಬಿಟ್ಟುಹೋದದ್ದಿದ್ದರೆ ಅದೇ ವಾರ ಲಿಖಿತವಾಗಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳಿ.